ಮಳೆಯಲ್ಲಿ ಚಾರಣ: ಬ್ಯಾಗಿನೊಳಗಿನ ಸಾಮಾನು ಒಣಗಿರಬೇಕಾದರೆ ಏನು ಮಾಡಬೇಕು, ಯಾಕೆ ಮಾಡಬೇಕು

ಒಂದು ದಿನದ ಚಾರಣದಲ್ಲಿ ಬಟ್ಟೆ ನೆನೆದರೆ ಅಂಥ ತೊಂದರೆಯೇನಿಲ್ಲ. ಸಂಜೆ ಮನೆಗೆ ಬಂದು ಬೇರೆ ಬಟ್ಟೆ ಹಾಕಿಕೊಂಡರೆ ಮುಗಿಯಿತು. ಮೂರು ನಾಲ್ಕು ದಿನ ಬೆಟ್ಟದಲ್ಲೇ ಟೆಂಟ್ ಹಾಕಿ ಮಲಗುವುದಾದರೆ ಲೆಕ್ಕ ಬೇರೆ. ಮೊದಲ ದಿನ ನೆನೆದ ಸ್ಲೀಪಿಂಗ್ ಬ್ಯಾಗ್ ಎರಡನೇ ರಾತ್ರಿಯೂ ಒದ್ದೆಯಾಗಿಯೇ ಇರುತ್ತದೆ. ಅದನ್ನು ಒಣಗಿಸಲು ಅಲ್ಲಿ ಹಗ್ಗವೂ ಇಲ್ಲ, ಬಿಸಿಲಿಗೆ ಖಾತ್ರಿಯೂ ಇಲ್ಲ.

ಮೊದಲ ಸಲ ಹೊರಡುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಸಾಮಾನು ನೆನೆಯದಂತೆ ನೋಡಿಕೊಳ್ಳುವುದು ಹೇಗೆ? ಬ್ಯಾಗಿನಲ್ಲಿ ಯಾವುದನ್ನು ಎಲ್ಲಿ ಇಡಬೇಕು? ನನ್ನ ಪ್ರಕಾರ ಇವೆರಡೂ ಒಂದೇ ಪ್ರಶ್ನೆ. ಬ್ಯಾಗಿನ ಬಟ್ಟೆ ಎಷ್ಟೇ ಗಟ್ಟಿಯಾಗಿರಲಿ, ಜಡಿಮಳೆಯಲ್ಲಿ ಟಾರ್ಚ್ ಹುಡುಕುತ್ತಾ ನಾವೇ ಅದರ ಬಾಯಿ ತೆರೆದು ನಿಂತರೆ ನೀರು ನೇರವಾಗಿ ಒಳಗೆ ಬೀಳುತ್ತದೆ. ಬೇಕಾದ ವಸ್ತು ಬೇಕಾದ ಕಡೆ ಇದ್ದರೆ ಬ್ಯಾಗ್ ತೆರೆಯುವ ಪ್ರಸಂಗವೇ ಕಡಿಮೆಯಾಗುತ್ತದೆ.

## ನೆನೆದರೆ ಏನಾಗುತ್ತದೆ?

ನಮ್ಮನ್ನು ಬೆಚ್ಚಗಿಡುವುದು ನಿಜಕ್ಕೂ ಬಟ್ಟೆಯಲ್ಲ, ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗದೆ ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ನೀರು ಗಾಳಿಗಿಂತ ಸುಮಾರು 24 ಪಟ್ಟು ಸಲೀಸಾಗಿ ಸಾಗಿಸುತ್ತದೆ. ಎಳೆಗಳ ನಡುವಿನ ಗಾಳಿಯ ಜಾಗಕ್ಕೆ ನೀರು ಬಂದು ಕೂತರೆ ಮೈ ಬಿಸಿ ಹೊರಗೆ ಹರಿದುಹೋಗಲು ದಾರಿ ಮಾಡಿಕೊಟ್ಟಂತಾಯಿತು.

ಇದರ ಮೇಲೆ ಇನ್ನೊಂದು ನಷ್ಟವಿದೆ. ಒದ್ದೆ ಬಟ್ಟೆ ಮೈಮೇಲೇ ಒಣಗುವಾಗ ನೀರು ಆವಿಯಾಗಬೇಕು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಒಂದು ತೆಳು ಅಂಗಿಯಲ್ಲಿ 100 ಗ್ರಾಂ ನೀರಿದೆ ಎಂದುಕೊಳ್ಳಿ. ಅಷ್ಟೂ ನೀರನ್ನು ಮೈ ಬಿಸಿಯೇ ಒಣಗಿಸಬೇಕಾದರೆ 240 ಕಿಲೋಜೂಲ್ ಖರ್ಚು. 60 ಕಿಲೋ ತೂಕದ ಮೈಯನ್ನು ಒಂದು ಡಿಗ್ರಿಗಿಂತ ಜಾಸ್ತಿ ತಣ್ಣಗೆ ಮಾಡಲು ಇಷ್ಟು ಸಾಕು. ನಡೆಯುತ್ತಿರುವಾಗ ಮೈ ಸಾಕಷ್ಟು ಶಾಖ ಹುಟ್ಟಿಸುತ್ತದೆ, ಹಾಗಾಗಿ ಈ ನಷ್ಟ ಗೊತ್ತಾಗುವುದಿಲ್ಲ. ನಿಂತ ಹತ್ತು ನಿಮಿಷಕ್ಕೆ ಚಳಿ ಶುರುವಾಗುತ್ತದೆ.

ಮೈಯೊಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದಕ್ಕೆ ಹೈಪೋಥರ್ಮಿಯಾ ಎನ್ನುತ್ತಾರೆ. ತಡೆಯಲಾಗದ ನಡುಕ, ತೊದಲುವ ಮಾತು, ಮಾತು ಕೇಳದ ಬೆರಳು, ಮಂಕಾದ ಯೋಚನೆ ಇದರ ಗುರುತುಗಳು. ಇದು ಹಿಮ ಬೀಳುವ ಕಡೆ ಮಾತ್ರ ಆಗುವಂಥದ್ದು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಮಳೆ ಮತ್ತು ಗಾಳಿ ಎರಡೂ ಸೇರಿದರೆ 10 ಡಿಗ್ರಿಯ ಹವೆಯಲ್ಲೂ ಆಗಬಹುದು. ಒಣ ಬಟ್ಟೆ ಬ್ಯಾಗಿನಲ್ಲಿ ಉಳಿದಿರುವುದು ಸುಖದ ವಿಷಯ ಮಾತ್ರ ಅಲ್ಲ ಎನ್ನುವುದು ಇದಕ್ಕೇ.

ನೆನೆದಾಗ ಎಲ್ಲ ಬಟ್ಟೆಯೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಡೌನ್ ಅಂದರೆ ಬಾತುಕೋಳಿಯಂಥ ಹಕ್ಕಿಗಳ ಮೃದು ತುಪ್ಪುಳ. ಒಣಗಿರುವಾಗ ಇಷ್ಟು ಕಡಿಮೆ ತೂಕದಲ್ಲಿ ಇಷ್ಟು ಬೆಚ್ಚಗಿಡುವುದು ಬೇರೆ ಸಿಗುವುದು ಕಷ್ಟ. ನೆನೆದರೆ ಅದು ಮುದ್ದೆಗಟ್ಟುತ್ತದೆ, ಗಾಳಿ ಹಿಡಿಯುವ ಉಬ್ಬು ಹೋಗುತ್ತದೆ, ಒಣಗಲು ಬಹಳ ಹೊತ್ತು ಹಿಡಿಯುತ್ತದೆ. ಸಿಂಥೆಟಿಕ್ ತುಂಬಿದ ಸ್ಲೀಪಿಂಗ್ ಬ್ಯಾಗ್ ತೂಕ ಜಾಸ್ತಿ, ಆದರೆ ನೆನೆದರೂ ಉಬ್ಬನ್ನು ಸ್ವಲ್ಪ ಉಳಿಸಿಕೊಳ್ಳುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮೈಗೆ ತಣ್ಣಗೆ ಅಂಟುವುದಿಲ್ಲ. ಹತ್ತಿ ಬಟ್ಟೆ ಬೇಕಾದಷ್ಟು ನೀರು ಕುಡಿದು, ಒಣಗುವ ಮಾತೇ ಆಡುವುದಿಲ್ಲ. ಮಳೆ ಮತ್ತು ಚಳಿಯ ಚಾರಣಕ್ಕೆ ಹತ್ತಿ ಬೇಡ ಎನ್ನುವುದಕ್ಕೆ ಕಾರಣ ಇಷ್ಟೇ.

ಪಾದಗಳ ವಿಷಯ ಬೇರೆಯೇ. ತಾಸುಗಟ್ಟಲೆ ಒದ್ದೆ ಸಾಕ್ಸಿನಲ್ಲಿ, ತಂಪಿನಲ್ಲಿ ಇದ್ದರೆ ಚರ್ಮಕ್ಕೆ, ನರಕ್ಕೆ ಪೆಟ್ಟು ಬೀಳುತ್ತದೆ. ಇದಕ್ಕೆ ಟ್ರೆಂಚ್ ಫುಟ್ ಎಂದು ಹೆಸರು. 16 ಡಿಗ್ರಿಯಷ್ಟು ಹವೆಯಲ್ಲೂ ಇದು ಬರಬಹುದು. ಹಗಲಿಡೀ ಪಾದ ಒದ್ದೆಯಾಗಿರುವುದನ್ನು ತಪ್ಪಿಸುವುದು ಕಷ್ಟ. ರಾತ್ರಿಯಾದರೂ ಅವು ಪೂರ್ತಿ ಒಣಗಬೇಕು.

## ನೀರು ಬರುವ ದಾರಿಗಳು

ಮಳೆ ಅಂದ ಕೂಡಲೇ ಮೇಲಿಂದ ಬೀಳುವ ಹನಿಯನ್ನೇ ನೆನೆಯುತ್ತೇವೆ. ಒಂದು ಹನಿಯನ್ನು ಹಿಂಬಾಲಿಸಿ ನೋಡಿ. ಅದು ನಿಮ್ಮ ಟೋಪಿಯ ಮೇಲೆ ಬಿದ್ದು, ಕುತ್ತಿಗೆಯ ಹಿಂದೆ ಇಳಿದು, ಬೆನ್ನು ಮತ್ತು ಬ್ಯಾಗಿನ ನಡುವಿನ ಸಂದಿಗೆ ಬರುತ್ತದೆ. ಅಲ್ಲಿರುವುದು ಬೆವರು ಹೀರುವ ಸ್ಪಂಜು ಮತ್ತು ಜಾಲರಿ ಬಟ್ಟೆ. ಅದು ನೀರನ್ನು ತಡೆಯುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ಹೆಗಲಪಟ್ಟಿಯನ್ನು ಬ್ಯಾಗಿಗೆ ಹೊಲಿದಿರುವ ಕಡೆ ಸೂಜಿ ಚುಚ್ಚಿದ ನೂರಾರು ತೂತುಗಳಿವೆ. ಬ್ಯಾಗಿನ ಭಾರಕ್ಕೆ ಆ ಹೊಲಿಗೆ ಸದಾ ಎಳೆದುಕೊಂಡೇ ಇರುತ್ತದೆ, ತೂತು ಅಗಲವಾಗುತ್ತದೆ. ಹನಿ ಅಲ್ಲಿಂದ ಒಳಗೆ ಜಿನುಗಿ ಬ್ಯಾಗಿನ ತಳಕ್ಕೆ ಇಳಿಯುತ್ತದೆ. ತಳದಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಸ್ಲೀಪಿಂಗ್ ಬ್ಯಾಗ್.

ಮಳೆ ಇಲ್ಲದ ದಿನವೂ ನೀರಿಗೆ ದಾರಿಗಳಿವೆ. ಬೆನ್ನಿನ ಬೆವರು ಇದೇ ಸಂದಿಯಿಂದ ಒಳಗೆ ಹೋಗುತ್ತದೆ. ಸರಿಯಾಗಿ ಮುಚ್ಚದ ಬಾಟಲಿ, ನೀರು ಕುಡಿಯುವ ರಬ್ಬರ್ ಚೀಲದ ಸಡಿಲ ಕೊಳವೆ ಒಳಗಿನಿಂದಲೇ ಸೋರುತ್ತವೆ. ಬೆಳಿಗ್ಗೆ ಇಬ್ಬನಿಯಲ್ಲಿ ತೊಯ್ದ ಟೆಂಟನ್ನು ಮಡಚಿ ಬಟ್ಟೆಯ ಪಕ್ಕದಲ್ಲೇ ತುರುಕುವವರೂ ಇದ್ದಾರೆ. ವಿಶ್ರಾಂತಿಗೆ ಕೂತಾಗ ಬ್ಯಾಗನ್ನು ಒದ್ದೆ ಹುಲ್ಲಿನ ಮೇಲೆ ಒರಗಿಸುತ್ತೇವೆ. ರಾತ್ರಿ ಟೆಂಟಿನೊಳಗೆ ನಮ್ಮ ಉಸಿರೇ ನೀರಾಗುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

## ವಾಟರ್‌ಪ್ರೂಫ್ ಅಂದರೆ ಎಷ್ಟು ವಾಟರ್‌ಪ್ರೂಫ್?

ಟೆಂಟ್ ಅಥವಾ ಜಾಕೆಟ್ಟಿನ ಚೀಟಿಯ ಮೇಲೆ 1,500 ಮಿ.ಮೀ., 3,000 ಮಿ.ಮೀ. ಎಂದೆಲ್ಲ ಬರೆದಿರುತ್ತದೆ. ಇದಕ್ಕೆ ಹೈಡ್ರೋಸ್ಟ್ಯಾಟಿಕ್ ಹೆಡ್ ಎನ್ನುತ್ತಾರೆ. ಬಟ್ಟೆಯ ಒಂದು ಬದಿಗೆ ನೀರಿನ ಒತ್ತಡ ಕೊಡುತ್ತಾ ಹೋಗುತ್ತಾರೆ. ಎಷ್ಟು ಎತ್ತರದ ನೀರಿನ ಕಂಬದ ಒತ್ತಡಕ್ಕೆ ಬಟ್ಟೆ ತೊಟ್ಟಿಕ್ಕಲು ಶುರುಮಾಡಿತೋ ಅದೇ ಆ ಅಂಕಿ. 1,500 ಮಿ.ಮೀ. ಅಂದರೆ ಒಂದೂವರೆ ಮೀಟರ್ ನೀರನ್ನು ತಡೆದುಕೊಂಡಿತು ಎಂದು ಅರ್ಥ.

ಒಂದೂವರೆ ಮೀಟರ್ ಬಹಳ ದೊಡ್ಡದು ಅನ್ನಿಸುತ್ತದೆ ಅಲ್ವಾ? ಸುಮ್ನೆ ಬೀಳುವ ಮಳೆಗೆ ಇದು ಸಾಕು. ಒತ್ತಡ ಬಿದ್ದಾಗ ಕಥೆ ಬೇರೆ. 1,000 ಮಿ.ಮೀ. ನೀರು ಒಂದು ಚದರ ಸೆಂಟಿಮೀಟರ್ ಮೇಲೆ ಹಾಕುವ ಭಾರ 100 ಗ್ರಾಂ. ಈಗ ಟೆಂಟಿನ ನೆಲದ ಮೇಲೆ ಮೊಣಕಾಲೂರಿ ಕೂತವರನ್ನು ನೆನೆಸಿಕೊಳ್ಳಿ. 30 ಕಿಲೋ ಭಾರ 60 ಚದರ ಸೆಂಟಿಮೀಟರ್ ಜಾಗದ ಮೇಲೆ ಬಿತ್ತು ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಅರ್ಧ ಕಿಲೋ. ಅದು 5,000 ಮಿ.ಮೀ. ನೀರಿನ ಒತ್ತಡಕ್ಕೆ ಸಮ. ಕೆಳಗಿನ ಮಣ್ಣು ಒದ್ದೆಯಿದ್ದರೆ ಮೊಣಕಾಲೂರಿದ ಕಡೆ ನೀರು ಮೇಲೆ ಬರಬಹುದು. ಟೆಂಟಿನ ನೆಲದ ಬಟ್ಟೆಗೆ ಮೇಲ್ಹೊದಿಕೆಗಿಂತ ದೊಡ್ಡ ಅಂಕಿ ಕೊಡುವುದು ಇದೇ ಕಾರಣಕ್ಕೆ.

ಬಟ್ಟೆ ನೀರು ತಡೆಯುವುದು ಎರಡು ಹಂತದಲ್ಲಿ. ಹೊರಮೈಗೆ ಒಂದು ಲೇಪ ಇರುತ್ತದೆ, ಅದರಿಂದ ಹನಿ ಮುತ್ತಾಗಿ ಉರುಳಿಹೋಗುತ್ತದೆ. ಇದನ್ನು ಡಿಡಬ್ಲ್ಯೂಆರ್ ಎನ್ನುತ್ತಾರೆ. ಒಳಗೆ ಪಾಲಿಯುರಿಥೇನ್ ಅಥವಾ ಸಿಲಿಕೋನ್ ಪದರ, ಇಲ್ಲವೇ ಒಂದು ತೆಳು ಪೊರೆ ಇರುತ್ತದೆ, ನಿಜವಾಗಿ ನೀರು ತಡೆಯುವುದು ಅದು. ಕೊಳೆ, ಬೆವರು, ಹೆಗಲಪಟ್ಟಿಯ ಉಜ್ಜಾಟದಿಂದ ಹೊರಗಿನ ಲೇಪ ಮೊದಲು ಸವೆಯುತ್ತದೆ. ಆಗ ಜಾಕೆಟ್ಟಿನ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಒಳಗಿನ ಬೆವರಿನ ಆವಿ ಹೊರಗೆ ಹೋಗಲು ಆಗುವುದಿಲ್ಲ. ಜಾಕೆಟ್ ಸೋರುತ್ತಿದೆ ಎಂದು ದೂರುವವರಲ್ಲಿ ಎಷ್ಟೋ ಜನ ತಮ್ಮದೇ ಬೆವರಿನಲ್ಲಿ ನೆಂದಿರುತ್ತಾರೆ. ಜಾಕೆಟ್ಟನ್ನು ಚೆನ್ನಾಗಿ ಒಗೆದು, ಚೀಟಿಯಲ್ಲಿ ಹೇಳಿದಷ್ಟು ಹದವಾದ ಶಾಖ ಕೊಟ್ಟರೆ ಲೇಪ ಎಷ್ಟೋ ಮಟ್ಟಿಗೆ ಮತ್ತೆ ಕೆಲಸ ಮಾಡುತ್ತದೆ.

ಬಟ್ಟೆ ಎಷ್ಟೇ ಒಳ್ಳೆಯದಾದರೂ ಹೊಲಿಗೆ ಮತ್ತು ಜಿಪ್ಪು ದುರ್ಬಲ ಜಾಗಗಳು. ಹೊಲಿಗೆಯ ಒಳಬದಿಗೆ ಟೇಪು ಅಂಟಿಸಿದ್ದಾರೆಯೇ ಎಂದು ಕೊಳ್ಳುವಾಗಲೇ ನೋಡಿ. ಸಿಲಿಕೋನ್ ಲೇಪದ ಬಟ್ಟೆಗೆ ಮಾಮೂಲಿ ಟೇಪು ಅಂಟುವುದಿಲ್ಲ. ಅಂಥ ಟೆಂಟಿನ ಹೊಲಿಗೆಗೆ ಸಿಲಿಕೋನ್ ಅಂಟನ್ನೇ ಸವರಬೇಕು.

## ರೇನ್ ಕವರ್ ಸಾಕಾ?

ಬ್ಯಾಗಿನ ಮೇಲೆ ಎಳೆಯುವ ರೇನ್ ಕವರ್ ಎಲ್ಲರಿಗೂ ಗೊತ್ತು. ಅದು ಬ್ಯಾಗಿನ ಹೊರಮೈಯನ್ನು ಮುಚ್ಚುತ್ತದೆ, ಕೆಸರು ತಡೆಯುತ್ತದೆ, ಹೊರಗಿನ ಜೇಬುಗಳನ್ನು ಕಾಯುತ್ತದೆ. ಆದರೆ ಬೆನ್ನಿಗೆ ತಾಗುವ ಬದಿಯನ್ನು ಅದು ಮುಚ್ಚಲು ಆಗುವುದೇ ಇಲ್ಲ, ಅಲ್ಲಿ ಹೆಗಲಪಟ್ಟಿಗಳಿವೆ. ನಾವು ಹಿಂಬಾಲಿಸಿದ ಹನಿ ಇಳಿದದ್ದು ಅಲ್ಲಿಂದಲೇ. ಜೋರು ಗಾಳಿಗೆ ಕವರ್ ಉಬ್ಬಿ ಹಾರಿಹೋಗುತ್ತದೆ, ಮುಳ್ಳಿಗೆ ಸಿಕ್ಕಿ ಹರಿಯುತ್ತದೆ. ಒಳಗಿಳಿದ ನೀರು ಹೊರಹೋಗಲು ದಾರಿಯಿಲ್ಲದೆ ಕವರಿನ ತಳದಲ್ಲೇ ನಿಂತರೆ ಬ್ಯಾಗಿನ ತಳ ಆ ನೀರಿನಲ್ಲೇ ಕೂತಿರುತ್ತದೆ.

ಕವರ್ ಬೇಡ ಎಂದು ಹೇಳುತ್ತಿಲ್ಲ. ಬ್ಯಾಗಿನ ಬಟ್ಟೆ ನೀರು ಕುಡಿದು ಭಾರವಾಗುವುದನ್ನು ಅದು ತಡೆಯುತ್ತದೆ. ಅದೊಂದನ್ನೇ ನಂಬಬೇಡಿ ಎನ್ನುವುದು ನನ್ನ ಮಾತು. ಹೊರಗಿನ ಕವರ್, ಬ್ಯಾಗಿನ ಒಳಗೆ ಇಳಿಬಿಡುವ ಚೀಲ ಅಂದರೆ ಲೈನರ್, ಈ ಎರಡರಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ಲೈನರನ್ನೇ ಆರಿಸುತ್ತೇನೆ.

## ಲೈನರ್ ಎಂಬ ಸರಳ ಉಪಾಯ

ಲೈನರ್ ಅಂದರೆ ಬ್ಯಾಗಿನ ಒಳಗೆ ಇಳಿಬಿಡುವ ಒಂದು ದೊಡ್ಡ ವಾಟರ್‌ಪ್ರೂಫ್ ಚೀಲ. ಒಣಗಿರಬೇಕಾದ್ದೆಲ್ಲ ಅದರೊಳಗೆ. ಬ್ಯಾಗ್ ಎಷ್ಟು ಬೇಕಾದರೂ ನೆನೆಯಲಿ, ಲೈನರಿನ ಒಳಗಿರುವುದು ನೆನೆಯಬಾರದು. ಯೋಚನೆ ಇಷ್ಟೇ.

ಇದಕ್ಕೆ ದುಬಾರಿ ಚೀಲವೇ ಬೇಕೆಂದಿಲ್ಲ. ಸುಮಾರು 50 ಮೈಕ್ರಾನ್ ದಪ್ಪದ ಗಟ್ಟಿ ಪ್ಲಾಸ್ಟಿಕ್ ಚೀಲ ಒಂದಿಡೀ ಪ್ರವಾಸಕ್ಕೆ ಸಾಕು. ತೆಳು ಕಸದ ಚೀಲ ಮೊದಲ ದಿನವೇ ಹರಿಯುತ್ತದೆ, ವಾಸನೆ ಬೆರೆಸಿದ ಚೀಲ ಬಟ್ಟೆಗೆಲ್ಲ ಆ ವಾಸನೆ ಹಿಡಿಸುತ್ತದೆ. ಅಳತೆ ಬ್ಯಾಗಿಗಿಂತ ದೊಡ್ಡದಿರಲಿ. 50 ಲೀಟರಿನ ಬ್ಯಾಗಿಗೆ 70 ಲೀಟರಿನ ಆಸುಪಾಸಿನ ಚೀಲ ತೆಗೆದುಕೊಂಡರೆ ಬಾಯಿ ತಿರುಚಲು ಸಾಕಷ್ಟು ಉದ್ದ ಉಳಿಯುತ್ತದೆ. ಬಿಳಿ ಅಥವಾ ಪಾರದರ್ಶಕ ಚೀಲವಾದರೆ ಇನ್ನೂ ಒಳ್ಳೆಯದು. ಕಪ್ಪು ಚೀಲದೊಳಗೆ ಕಪ್ಪು ಸಾಕ್ಸ್ ಹುಡುಕುವುದು ಸಂಜೆ ಹೊತ್ತಲ್ಲಿ ಸುಲಭವಲ್ಲ.

ಬಾಯಿ ಮುಚ್ಚುವ ರೀತಿಯಲ್ಲೇ ಎಲ್ಲ ಇದೆ. ಸಾಮಾನು ತುಂಬಿದ ಮೇಲೆ ಬ್ಯಾಗನ್ನು ತಬ್ಬಿ ಹಿಡಿದು ನಿಧಾನವಾಗಿ ಒತ್ತಿ, ಒಳಗಿನ ಗಾಳಿ ಹೊರಗೆ ಹೋಗಲಿ. ಚೀಲದ ಕುತ್ತಿಗೆಯನ್ನು ಒಂದೇ ದಿಕ್ಕಿಗೆ ತಿರುಚುತ್ತಾ ಹೋಗಿ. ಅದು ಹಗ್ಗದ ಹಾಗೆ ಬಿಗಿಯಾಗಬೇಕು. ಆ ಹಗ್ಗವನ್ನು ನಡುವೆ ಮಡಚಿ, ತುದಿ ಕೆಳಮುಖವಾಗಿ ಬರುವಂತೆ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ. ತುದಿ ಕೆಳಗೆ ನೋಡುತ್ತಿದ್ದರೆ ಮೇಲಿಂದ ಬಿದ್ದ ನೀರಿಗೆ ಒಳಹೋಗಲು ಬಾಯಿಯೇ ಸಿಗುವುದಿಲ್ಲ. ಸುಮ್ನೆ ಗಂಟು ಹಾಕಿದರೆ ಬಿಚ್ಚುವಾಗ ಚೀಲ ಹರಿಯುತ್ತದೆ, ಮಡಚಿ ಒಳಗೆ ತುರುಕಿದರೆ ನಡೆಯುವಾಗ ಬಿಚ್ಚಿಕೊಳ್ಳುತ್ತದೆ.

ಹೊರಡುವ ಮುಂಚೆ ಚೀಲಕ್ಕೆ ಗಾಳಿ ತುಂಬಿ, ಬಾಯಿ ಹಿಡಿದು ಒತ್ತಿ ನೋಡಿ. ತೂತಿದ್ದರೆ ಗಾಳಿ ಸೋರುವುದು ಕೆನ್ನೆಗೆ ಗೊತ್ತಾಗುತ್ತದೆ. ತೂತಿಗೆ ಎರಡೂ ಬದಿಯಿಂದ ಟೇಪು ಹಾಕಬಹುದು, ಆದರೆ ಒಣಗಿದ ಪ್ಲಾಸ್ಟಿಕ್ಕಿಗೆ ಮಾತ್ರ ಟೇಪು ಅಂಟುತ್ತದೆ. ಹಾಗಾಗಿ ಆ ಕೆಲಸ ಮನೆಯಲ್ಲೇ ಮುಗಿಸಿ. ಸ್ಟೌ, ಟೆಂಟಿನ ಗೂಟ, ಚಾಕುವಿನಂಥ ಚೂಪು ವಸ್ತುಗಳು ಲೈನರಿನ ಒಳಗೂ ಬೇಡ, ಅದಕ್ಕೆ ಒತ್ತಿಕೊಂಡೂ ಬೇಡ.

## ಡ್ರೈ ಬ್ಯಾಗ್, ಜಿಪ್‌ಲಾಕ್: ಎರಡನೇ ಕೋಟೆ

ಲೈನರಿನ ಒಳಗೂ ಒಂದೆರಡು ವಸ್ತುಗಳಿಗೆ ಇನ್ನೊಂದು ಪದರ ಬೇಕು. ಮೊದಲನೆಯದು ಸ್ಲೀಪಿಂಗ್ ಬ್ಯಾಗ್. ಎರಡನೆಯದು ರಾತ್ರಿ ಬಟ್ಟೆ. ಮೂರನೆಯದು ಎಲೆಕ್ಟ್ರಾನಿಕ್ ಸಾಮಾನು. ಉಳಿದದ್ದಕ್ಕೆ ಲೈನರ್ ಸಾಕು.

ಬಾಯಿಯನ್ನು ಸುರುಳಿ ಸುತ್ತಿ ಕ್ಲಿಪ್ ಹಾಕುವ ಚೀಲಕ್ಕೆ ರೋಲ್‌ಟಾಪ್ ಡ್ರೈ ಬ್ಯಾಗ್ ಎನ್ನುತ್ತಾರೆ. ಅದರ ಬಾಯಿಯ ಎರಡು ಅಂಚನ್ನು ಸಮವಾಗಿ ಕೂಡಿಸಿ, ಕನಿಷ್ಠ ಮೂರು ಸುತ್ತು ಸುತ್ತಬೇಕು. ಒಂದೇ ಸುತ್ತಿಗೆ ಕ್ಲಿಪ್ ಹಾಕಿದರೆ ನೀರು ಮಡಿಕೆಯ ಪಕ್ಕದಿಂದ ನುಸುಳುತ್ತದೆ. ಚೀಲವನ್ನು ಕತ್ತಿನವರೆಗೆ ತುಂಬಿದರೆ ಮೂರು ಸುತ್ತಿಗೆ ಜಾಗವೇ ಇರುವುದಿಲ್ಲ, ಅದಕ್ಕೇ ಮೇಲಿನ ಕಾಲು ಭಾಗ ಖಾಲಿ ಬಿಡಿ. ಮಡಿಕೆಯಲ್ಲಿ ಮರಳು, ಹುಲ್ಲಿನ ಚೂರು ಸಿಕ್ಕಿಕೊಂಡರೂ ಸೋರುತ್ತದೆ. ತೆಳು ಬಟ್ಟೆಯ ಡ್ರೈ ಬ್ಯಾಗುಗಳು ಮಳೆಗೆ, ಎರಚಲಿಗೆ ಮಾಡಿದವು. ನೀರಿನಲ್ಲಿ ಮುಳುಗಿಸಿ ಇಡಲು ಮಾಡಿದವಲ್ಲ.

ಹೊಸಬರು ಪ್ರತಿ ವಸ್ತುವಿಗೂ ಒಂದೊಂದು ಡ್ರೈ ಬ್ಯಾಗ್ ಕೊಳ್ಳುತ್ತಾರೆ. ಬಿಗಿಯಾಗಿ ತುಂಬಿದ ದುಂಡು ಚೀಲಗಳ ನಡುವೆ ಖಾಲಿ ಜಾಗ ಉಳಿಯುತ್ತದೆ, 50 ಲೀಟರಿನ ಬ್ಯಾಗಿನಲ್ಲಿ 40 ಲೀಟರಿನ ಸಾಮಾನೂ ಹಿಡಿಯುವುದಿಲ್ಲ. ಸಡಿಲವಾಗಿ ತುಂಬಿದ ಮೆತ್ತನೆಯ ಚೀಲ ಸಂದಿಗೊಂದಿಗೆ ಹೊಂದಿಕೊಳ್ಳುತ್ತದೆ. ಒಟ್ಟು ಐದಾರು ಚೀಲಕ್ಕಿಂತ ಜಾಸ್ತಿ ಬೇಡ. ಅದಕ್ಕಿಂತ ಜಾಸ್ತಿಯಾದರೆ ಯಾವುದರಲ್ಲಿ ಏನಿದೆ ಎಂದು ನೆನಪಿಟ್ಟುಕೊಳ್ಳುವುದೇ ಒಂದು ಕೆಲಸ. ಒಂದೊಂದಕ್ಕೆ ಒಂದೊಂದು ಬಣ್ಣವಿರಲಿ, ಪ್ರತಿ ಪ್ರವಾಸಕ್ಕೂ ಅದೇ ಬಣ್ಣ ಅದೇ ಕೆಲಸಕ್ಕೆ ಇರಲಿ. ಔಷಧಿ ಕೆಂಪು ಚೀಲದಲ್ಲಿದೆ ಎಂದು ಜೊತೆಗಿರುವ ಎಲ್ಲರಿಗೂ ಹೇಳಿಟ್ಟಿರಿ. ಅದು ಬೇಕಾದಾಗ ಹುಡುಕುವವರು ನೀವೇ ಆಗಿರುತ್ತೀರಿ ಎಂದೇನೂ ಇಲ್ಲ.

## ಯಾವುದು ಎಲ್ಲಿ ಇರಬೇಕು?

ಭಾರದ ಲೆಕ್ಕ ಮೊದಲು. ಭಾರದ ವಸ್ತು ಬೆನ್ನಿನಿಂದ ದೂರವಿದ್ದಷ್ಟೂ ನಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ಅದನ್ನು ಸರಿದೂಗಿಸಲು ನಾವು ಮುಂದಕ್ಕೆ ಬಾಗುತ್ತೇವೆ, ಸಂಜೆಗೆ ಸೊಂಟ ನೋಯುತ್ತದೆ. ಆದ್ದರಿಂದ ಭಾರದ್ದು ಬೆನ್ನಿಗೆ ಒತ್ತಿಕೊಂಡು, ಬ್ಯಾಗಿನ ನಡುಭಾಗದಲ್ಲಿ ಇರಬೇಕು. ಹಗುರವಾದದ್ದು ಕೆಳಗೆ ಮತ್ತು ಹೊರಬದಿಗೆ.

ಇದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇದು ನನಗೆ ಯಾವಾಗ ಬೇಕು? ಟೆಂಟಿನೊಳಗೆ ಹೋದ ಮೇಲೆ ಬೇಕಾಗುವುದೆಲ್ಲ ಲೈನರಿನ ಒಳಗೆ. ದಾರಿಯಲ್ಲಿ ಬೇಕಾಗುವುದೆಲ್ಲ ಲೈನರಿನ ಹೊರಗೆ. ಈ ಒಂದು ಗೆರೆ ಸರಿಯಾಗಿ ಎಳೆದರೆ ಲೈನರನ್ನು ದಿನಕ್ಕೆ ಒಂದೇ ಸಲ, ಸೂರಿನಡಿ ತೆರೆದರೆ ಸಾಕಾಗುತ್ತದೆ.

ಹಾಗಾಗಿ ಲೈನರಿನ ತಳಕ್ಕೆ ಸ್ಲೀಪಿಂಗ್ ಬ್ಯಾಗ್, ಅದರ ಮೇಲೆ ರಾತ್ರಿ ಬಟ್ಟೆ, ಬೆನ್ನಿನ ಕಡೆಗೆ ಮುಂದಿನ ದಿನಗಳ ಊಟದ ಸಾಮಾನು, ಸಂದಿಗಳಲ್ಲಿ ಬೆಚ್ಚನೆ ಜಾಕೆಟ್. ಅಲ್ಲಿಗೆ ಲೈನರ್ ಬಾಯಿ ಮುಚ್ಚಿತು. ಅದರ ಮೇಲೆ ಟೆಂಟ್, ಇವತ್ತಿನ ಊಟ, ಪ್ರಥಮ ಚಿಕಿತ್ಸೆಯ ಚೀಲ. ಎಲ್ಲಕ್ಕಿಂತ ಮೇಲೆ ಮಳೆ ಜಾಕೆಟ್. ಮೊದಲ ಹನಿ ಬಿದ್ದ ಕೂಡಲೇ ಅದು ಕೈಗೆ ಸಿಗಬೇಕು. ಅರ್ಧ ನೆಂದ ಮೇಲೆ ಹಾಕಿಕೊಂಡ ಮಳೆ ಜಾಕೆಟ್ ಒಳಗಿನ ತೇವವನ್ನೂ ಹಿಡಿದಿಡುತ್ತದೆ.

ನೀರಿನ ಬಾಟಲಿ ಹೊರಗಿನ ಪಕ್ಕದ ಜೇಬಿನಲ್ಲಿ. ಸ್ಟೌ ಇಂಧನ ನೆಟ್ಟಗೆ ನಿಂತು, ಊಟದ ಸಾಮಾನಿನಿಂದ ದೂರ. ತಿಂಡಿ, ನಕ್ಷೆ ಸೊಂಟಪಟ್ಟಿಯ ಜೇಬಿನಲ್ಲಿ. ಹೆಡ್‌ಲ್ಯಾಂಪ್ ಯಾವಾಗಲೂ ಮೇಲಿನ ಮುಚ್ಚಳದ ಜೇಬಿನಲ್ಲಿ, ಕತ್ತಲಾದ ಮೇಲೆ ಹುಡುಕುವ ವಸ್ತು ಅದೇ ಆಗಬಾರದು. ಬ್ಯಾಗಿನ ಹೊರಗೆ ಜಾಲರಿ ಜೇಬಿದ್ದರೆ ಅದು ಒದ್ದೆ ಸಾಮಾನಿಗೆ ಮೀಸಲು.

## ಎರಡು ಜೊತೆ ಬಟ್ಟೆಯ ನಿಯಮ

ಇದನ್ನು ಪಾಲಿಸುವುದು ಕಷ್ಟ, ಫಲ ಮಾತ್ರ ದೊಡ್ಡದು. ನಡೆಯುವ ಬಟ್ಟೆ ಒಂದು ಜೊತೆ, ಮಲಗುವ ಬಟ್ಟೆ ಒಂದು ಜೊತೆ. ಮಲಗುವ ಜೊತೆಯಲ್ಲಿ ಸಾಕ್ಸೂ ಸೇರಿದೆ. ಅದನ್ನು ಹಾಕಿಕೊಂಡು ಟೆಂಟಿನಿಂದ ಹೊರಗೆ ಕಾಲಿಡುವಂತಿಲ್ಲ.

ಬೆಳಿಗ್ಗೆ ಎದ್ದಾಗ ನಿನ್ನೆಯ ಅಂಗಿ ತಣ್ಣಗೆ, ಒದ್ದೆಯಾಗಿ ಕಾಯುತ್ತಿರುತ್ತದೆ. ಒಣ ಬಟ್ಟೆಯಲ್ಲೇ ನಡೆದುಬಿಡೋಣ ಎಂದು ಮನಸ್ಸಾಗುತ್ತದೆ. ಹಾಗೆ ಮಾಡಿದರೆ ಮಧ್ಯಾಹ್ನದ ಹೊತ್ತಿಗೆ ಎರಡೂ ಜೊತೆ ಒದ್ದೆ, ರಾತ್ರಿಗೆ ಏನೂ ಉಳಿಯುವುದಿಲ್ಲ. ಒದ್ದೆ ಅಂಗಿಯನ್ನು ಬಿಗಿಯಾಗಿ ಹಿಂಡಿ ಹಾಕಿಕೊಳ್ಳಿ. ನಡೆಯಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ಮೈ ಬಿಸಿ ಅದನ್ನು ಹದಕ್ಕೆ ತರುತ್ತದೆ. ಚಳಿ ತೀರಾ ಜಾಸ್ತಿಯಿದ್ದು, ಯಾರಿಗಾದರೂ ನಡುಕ ನಿಲ್ಲದಿದ್ದರೆ ಈ ನಿಯಮ ಮುರಿಯಬೇಕು. ಆ ಬಟ್ಟೆ ಉಳಿಸಿಕೊಂಡದ್ದೇ ಅಂಥ ಹೊತ್ತಿಗೆ.

## ಮಳೆಯಲ್ಲೇ ಟೆಂಟ್ ಹಾಕುವುದು

ಸಂಜೆ ತಲುಪಿದಾಗ ಮಳೆ ನಿಂತಿಲ್ಲ ಎಂದುಕೊಳ್ಳಿ. ಬ್ಯಾಗಿನ ಮುಚ್ಚಳ ತೆಗೆದು ಟೆಂಟ್ ಮಾತ್ರ ಹೊರತೆಗೆಯಿರಿ, ತಕ್ಷಣ ಮುಚ್ಚಳ ಹಾಕಿ. ಲೈನರ್ ಮುಟ್ಟಬೇಡಿ. ಮೇಲ್ಹೊದಿಕೆಯನ್ನು ಮೊದಲು ನಿಲ್ಲಿಸುವ ಟೆಂಟ್ ಆಗಿದ್ದರೆ ಕೆಲಸ ಸುಲಭ, ಅದರಡಿ ನಿಂತು ಒಳಟೆಂಟ್ ಕಟ್ಟಬಹುದು. ಒಳಟೆಂಟನ್ನೇ ಮೊದಲು ಕಟ್ಟಬೇಕಾದರೆ ಇಬ್ಬರು ಮೇಲ್ಹೊದಿಕೆಯನ್ನು ಮೇಲೆ ಹಿಡಿದಿರಲಿ, ಒಬ್ಬರು ಅದರಡಿ ಕೋಲು ಪೋಣಿಸಲಿ. ಇದನ್ನು ಮನೆಯಲ್ಲಿ ಒಮ್ಮೆ ಒಣ ನೆಲದಲ್ಲಿ ಮಾಡಿ ನೋಡಿದವರಿಗೆ ಮಳೆಯಲ್ಲಿ ಕೈ ತಡವರಿಸುವುದಿಲ್ಲ.

ಟೆಂಟಿನಡಿ ಹಾಸುವ ಶೀಟು ಟೆಂಟಿನ ನೆಲಕ್ಕಿಂತ ಚಿಕ್ಕದಿರಬೇಕು. ಅಂಚು ಹೊರಗೆ ಚಾಚಿದ್ದರೆ ಅದರ ಮೇಲೆ ಬಿದ್ದ ಮಳೆ ನೇರವಾಗಿ ಟೆಂಟಿನಡಿಗೆ ಹರಿದು ಅಲ್ಲೇ ನಿಲ್ಲುತ್ತದೆ.

ಟೆಂಟ್ ನಿಂತ ಮೇಲೆ ಬಾಗಿಲ ಮುಂದಿನ ಮಾಡಿನಡಿ ಶೂ, ಮಳೆ ಜಾಕೆಟ್, ಒದ್ದೆ ಬ್ಯಾಗ್ ಬಿಟ್ಟು ಲೈನರನ್ನು ಮಾತ್ರ ಇಡಿಯಾಗಿ ಎತ್ತಿ ಒಳಗಿಡಿ. ಕೈ, ತಲೆ ಒರೆಸಿಕೊಂಡು ಆಮೇಲೆ ಬಾಯಿ ಬಿಚ್ಚಿ. ನೀರು ಹೀರುವ ಒಂದು ಚಿಕ್ಕ ಬಟ್ಟೆ ಜೇಬಿನಲ್ಲಿದ್ದರೆ ಇಲ್ಲಿ ಬಹಳ ಉಪಯೋಗ. ಬೆಳಿಗ್ಗೆ ಇದರ ಉಲ್ಟಾ: ಟೆಂಟಿನೊಳಗೇ ಕೂತು ಲೈನರ್ ತುಂಬಿ, ಬಾಯಿ ತಿರುಚಿ, ಅದು ಬ್ಯಾಗಿಗೆ ಸೇರಿದ ಮೇಲೆ ಟೆಂಟ್ ಬಿಚ್ಚುವುದು.

## ಟೆಂಟಿನೊಳಗೆ ಬೀಳುವ ನೀರು

ಮಳೆಯೇ ಬಾರದ ರಾತ್ರಿಯಲ್ಲೂ ಬೆಳಿಗ್ಗೆ ಟೆಂಟಿನ ಒಳಮೈ ತೊಯ್ದಿರುತ್ತದೆ. ಟೆಂಟ್ ಸೋರಿತು ಎಂದು ಗಾಬರಿಯಾಗಬೇಡಿ. ತಣ್ಣೀರು ತುಂಬಿಟ್ಟ ಲೋಟದ ಹೊರಮೈ ಬೆವರುತ್ತದಲ್ಲ, ಅದೇ ಇಲ್ಲೂ ಆಗುವುದು.

ಬಿಸಿ ಗಾಳಿ ಜಾಸ್ತಿ ಆವಿ ಹಿಡಿದಿಟ್ಟುಕೊಳ್ಳಬಲ್ಲದು, ತಣ್ಣನೆ ಗಾಳಿ ಕಡಿಮೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹಿಡಿಯುತ್ತದೆ, 10 ಡಿಗ್ರಿಯಲ್ಲಿ ಸುಮಾರು 9 ಗ್ರಾಂ. ಮಿಕ್ಕಿದ್ದು ತಣ್ಣನೆ ಬಟ್ಟೆಯ ಮೇಲೆ ಹನಿಯಾಗುತ್ತದೆ. ಈ ಆವಿ ಬರುವುದು ನಮ್ಮಿಂದಲೇ. ಉಸಿರು ಮತ್ತು ಚರ್ಮದ ಮೂಲಕ ನಮಗೆ ಗೊತ್ತಾಗದಂತೆ ದಿನಕ್ಕೆ ಮುಕ್ಕಾಲು ಲೀಟರಿನ ಆಸುಪಾಸು ನೀರು ಹೊರಹೋಗುತ್ತದೆ. ರಾತ್ರಿಯ ಎಂಟು ಗಂಟೆಗೆ ಒಬ್ಬರಿಗೆ ಕಾಲು ಲೀಟರ್ ಲೆಕ್ಕ ಹಾಕಿ. ಇಬ್ಬರು ಮಲಗಿದರೆ ಅರ್ಧ ಲೀಟರ್.

ಆವಿಗೆ ಹೊರಹೋಗಲು ದಾರಿ ಬಿಡುವುದೇ ಪರಿಹಾರ. ಚಳಿಯೆಂದು ಎಲ್ಲ ಕಿಂಡಿ ಮುಚ್ಚಿದರೆ ಒದ್ದೆ ಜಾಸ್ತಿಯಾಗುತ್ತದೆ. ಮೇಲಿನ ಕಿಂಡಿ ಮತ್ತು ಬಾಗಿಲ ಕೆಳಭಾಗ ಸ್ವಲ್ಪ ತೆರೆದಿಡಿ. ಮೇಲ್ಹೊದಿಕೆಯನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಅದು ಒಳಟೆಂಟಿಗೆ ತಾಗುವುದಿಲ್ಲ, ಹನಿ ಅಂಚಿಗೆ ಜಾರಿ ಹೋಗುತ್ತದೆ. ಮುಖವನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಹುದುಗಿಸಿ ಉಸಿರಾಡಬೇಡಿ, ಆ ತೇವವೆಲ್ಲ ತುಪ್ಪುಳಕ್ಕೆ ಇಳಿಯುತ್ತದೆ. ಜಾಗ ಆರಿಸುವಾಗ ಹೊಳೆಯ ದಂಡೆ, ಕಣಿವೆಯ ತಗ್ಗು ಬಿಡಿ. ರಾತ್ರಿ ತಣ್ಣನೆ ತೇವದ ಗಾಳಿ ಅಲ್ಲಿಗೇ ಇಳಿದು ಕೂರುತ್ತದೆ. ಮರದಡಿ ಇಬ್ಬನಿ ಕಡಿಮೆ, ಆದರೆ ಒಣಗಿದ ಕೊಂಬೆ ತಲೆಯ ಮೇಲಿಲ್ಲವೇ ಎಂದು ನೋಡಿಕೊಳ್ಳಿ.

## ಮೊಬೈಲ್, ಬೆಂಕಿ, ಕಾಗದ

ಮೊಬೈಲಿನ ಮೇಲೆ ಐಪಿ67 ಎಂದಿದ್ದರೆ ದೂಳು ಒಳಹೋಗುವುದಿಲ್ಲ ಮತ್ತು ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದು ಪರೀಕ್ಷೆ ಮಾಡಿದ್ದಾರೆ ಎಂದರ್ಥ. ಅದು ಹೊಸ ಫೋನಿನ ಮಾತು. ಬಿದ್ದು ಸೀಳುಬಿಟ್ಟ ಫೋನಿಗೆ ಅದು ಅನ್ವಯಿಸುವುದಿಲ್ಲ. ದಪ್ಪ ಜಿಪ್‌ಲಾಕ್ ಚೀಲದಲ್ಲಿಟ್ಟರೆ ಪರದೆಯನ್ನು ಚೀಲದ ಮೇಲಿಂದಲೇ ಮುಟ್ಟಬಹುದು. ಚಾರ್ಜಿಂಗ್ ಕಿಂಡಿ ಒದ್ದೆಯಿದ್ದಾಗ ವೈರ್ ಚುಚ್ಚಬೇಡಿ, ಅಲ್ಲಿನ ಲೋಹ ಕಿಲುಬು ಹಿಡಿಯುತ್ತದೆ. ಪವರ್ ಬ್ಯಾಂಕ್ ಲೈನರಿನೊಳಗೇ ಇರಲಿ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ರಾತ್ರಿ ಅದನ್ನೂ ಫೋನನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ.

ಲೈಟರ್ ಎರಡಿರಲಿ, ಬೇರೆ ಬೇರೆ ಕಡೆ ಇರಲಿ. ಗುರುತಿನ ಚೀಟಿ, ಪರವಾನಗಿ, ಕಾಗದದ ನಕ್ಷೆ ಒಂದು ಜಿಪ್‌ಲಾಕಿನಲ್ಲಿ. ಮಾತ್ರೆಗಳನ್ನು ಅವುಗಳ ಪಟ್ಟಿಯಿಂದ ಬಿಡಿಸಬೇಡಿ.

## ಹೊಳೆ ದಾಟುವಾಗ

ನೀರು ರಭಸವಾಗಿದ್ದರೆ, ತಳ ಕಾಣದಿದ್ದರೆ ದಾಟಬೇಡಿ. ಕಾಯಿರಿ ಅಥವಾ ವಾಪಸ್ ಬನ್ನಿ. ದಾಟಬಹುದಾದ ಹೊಳೆಯಾದರೆ ಮೊದಲು ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿಕೊಳ್ಳಿ ಎನ್ನುವುದು ಬಹುಕಾಲದ ಸಲಹೆ. ಬಿದ್ದರೆ ಬ್ಯಾಗಿನಿಂದ ಬಿಡಿಸಿಕೊಳ್ಳಲು ಆಗಬೇಕು. ಚೆನ್ನಾಗಿ ಮುಚ್ಚಿದ ಲೈನರ್ ಇರುವ ಬ್ಯಾಗ್ ತಕ್ಷಣ ಮುಳುಗುವುದಿಲ್ಲ. 50 ಲೀಟರ್ ಜಾಗ ಹಿಡಿಯುವ, 15 ಕಿಲೋ ತೂಕದ ವಸ್ತು ಒಳಗೆ ನೀರು ಹೋಗುವವರೆಗೂ ತೇಲುತ್ತದೆ. ಹೊಳೆಗೆ ಇಳಿಯುವ ಮುಂಚೆ ಲೈನರಿನ ಬಾಯಿಯನ್ನು ಇನ್ನೊಮ್ಮೆ ನೋಡಬೇಕಾದ್ದು ಇದಕ್ಕೇ. ರೇನ್ ಕವರ್ ಮಾತ್ರ ತೆಗೆದುಬಿಡಿ, ಹರಿವ ನೀರು ಅದನ್ನು ಹಿಡಿದು ಎಳೆಯುತ್ತದೆ.

## ಒಣಗಿಸುವುದು

ನಡುಹಗಲಲ್ಲಿ ಬಿಸಿಲು ಹತ್ತು ನಿಮಿಷ ಬಂದರೂ ಬಿಡಬೇಡಿ. ಊಟಕ್ಕೆ ಕೂತಾಗ ಟೆಂಟಿನ ಹೊದಿಕೆ, ಸ್ಲೀಪಿಂಗ್ ಬ್ಯಾಗ್ ಬಂಡೆಯ ಮೇಲೆ ಹರಡಿ. ನೈಲಾನ್ ಬೇಗ ಒಣಗುತ್ತದೆ. ಒದ್ದೆ ಸಾಕ್ಸನ್ನು ಹಿಂಡಿ ಬ್ಯಾಗಿನ ಹೊರಗೆ ಪಿನ್ನು ಹಾಕಿ ತೂಗುಬಿಟ್ಟರೆ ನಡೆಯುತ್ತಲೇ ಗಾಳಿಯಾಡುತ್ತದೆ. ಶೂವಿನ ಒಳಹಾಸು ತೆಗೆದು ಬೇರೆಯಾಗಿ ಒಣಗಿಸಿ. ಬೆಂಕಿಯ ಹತ್ತಿರ ಮಾತ್ರ ಏನನ್ನೂ ಇಡಬೇಡಿ. ನೈಲಾನ್ ಕರಗುತ್ತದೆ, ಶೂವಿನ ಅಂಟು ಬಿಡುತ್ತದೆ, ಚರ್ಮ ಬಿರುಕುಬಿಡುತ್ತದೆ.

ಮನೆಗೆ ಬಂದ ದಿನ ಸುಸ್ತಾಗಿರುತ್ತದೆ, ನಿಜ. ಆದರೂ ಟೆಂಟನ್ನು ಅವತ್ತೇ ಬಿಚ್ಚಿ ನೆರಳಿನಲ್ಲಿ ಹರಡಿ. ತೇವದಲ್ಲಿ ಮಡಚಿಟ್ಟ ಟೆಂಟಿಗೆ ಬೂಷ್ಟು ಹಿಡಿಯುತ್ತದೆ. ಪಾಲಿಯುರಿಥೇನ್ ಲೇಪ ತೇವಕ್ಕೆ ಕ್ರಮೇಣ ಒಡೆಯುತ್ತದೆ, ಅಂಟಂಟಾಗಿ, ಕೆಟ್ಟ ವಾಸನೆ ಬಂದು, ಆಮೇಲೆ ಪದರ ಪದರವಾಗಿ ಕಿತ್ತು ಬರುತ್ತದೆ. ಹಾಗಾದ ಟೆಂಟಿಗೆ ರಿಪೇರಿ ಕಷ್ಟ. ಸ್ಲೀಪಿಂಗ್ ಬ್ಯಾಗನ್ನು ಚಿಕ್ಕ ಚೀಲಕ್ಕೆ ತುರುಕಿಡದೆ ದೊಡ್ಡ ಬಟ್ಟೆಯ ಚೀಲದಲ್ಲಿ ಸಡಿಲವಾಗಿ ಇಡಿ, ಇಲ್ಲದಿದ್ದರೆ ಅದರ ಉಬ್ಬು ಹೋಗುತ್ತದೆ. ಬ್ಯಾಗಿನ ಜಿಪ್ಪುಗಳನ್ನೆಲ್ಲ ತೆರೆದು ತಲೆಕೆಳಗಾಗಿ ನೇತುಹಾಕಿ. ಲೈನರನ್ನು ಒಳಹೊರಗು ಮಾಡಿ ಒರೆಸಿ, ತೂತು ಕಂಡ ಕಡೆ ಅವತ್ತೇ ಟೇಪು ಹಾಕಿ ಮಡಚಿಡಿ.